"ನೀವು ತುಂಬಾ ಸ್ಟ್ರಾಂಗ್" ಅನ್ನೋದನ್ನ ಸ್ವಲ್ಪ ನಿಲ್ಸೋಣ

(ಹೋದ ತಿಂಗಳು ಇಲ್ಲಿ ಅಮೆರಿಕದಲ್ಲಿ ನಮ್ಮೂರ ಕನ್ನಡ ಕೂಟದ ಮಹಿಳಾ ದಿನದ ಕಾರ್ಯಕ್ರಮದಲ್ಲಿ ಮಾತಾಡಿದ್ದು ಇದು. ಮೈಕ್ ಎರಡು ಸಲ ಕೈ ಕೊಡ್ತು, ಹಿಂದೆ ಕೂತವರಿಗೆ ಅರ್ಧ ಕೇಳಿಸ್ಲೇ ಇಲ್ಲವಂತೆ, ಅದಕ್ಕೆ ಕೂತು ಟೈಪ್ ಮಾಡಿದೀನಿ. ವೇದಿಕೆ ಮೇಲೆ ಮರೆತುಹೋಗಿದ್ದ ಒಂದೆರಡು ಇಸವಿ ಈಗ ಸೇರಿಸಿದೀನಿ, ಮಿಕ್ಕಿದ್ದು ಹೆಚ್ಚೂಕಮ್ಮಿ ಹೇಳಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ನನ್ನ ಮಾತು ಇಟ್ಟಿದಾರೆ, ಬಿಸಿಬೇಳೆ ಬಾತ್ ಘಮ ಇಲ್ಲಿ ತನಕ ಬರ್ತಾ ಇದೆ, ನಿಮ್ಮ ಕಷ್ಟ ನನಗೆ ಗೊತ್ತು. ಕೂಟದವರು ಫೋನ್ ಮಾಡಿ "ಮೇಡಂ, ಆಫೀಸಲ್ಲಿ ಹೆಂಗಸರ ರೆಸಿಲಿಯೆನ್ಸ್ (ಪೆಟ್ಟು ತಿಂದ್ರೂ ಮತ್ತೆ ಎದ್ದು ನಿಲ್ಲೋ ಗುಣ) ಬಗ್ಗೆ ಏನಾದ್ರೂ ಮಾತಾಡಿ" ಅಂದಾಗ ನಾನಂದೆ, ನಮ್ಮ ಬಗ್ಗೆ ನಾವೇ ವರ್ಷಾ ವರ್ಷ ಮಾತಾಡ್ಕೋತೀವಲ್ಲ, ಈ ಸಲ ನಮ್ಮ ಪಕ್ಕದ ಸೀಟಲ್ಲೇ ಕೂತು ಕೆಲಸ ಮಾಡೋ ಬ್ಲ್ಯಾಕ್ ಹೆಂಗಸರ ಬಗ್ಗೆ ಮಾತಾಡ್ತೀನಿ ಅಂತ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ "ಆಗ್ಲಿ ಮೇಡಂ, ಆದ್ರೆ ಪಾಲಿಟಿಕ್ಸ್ ಬೇಡ" ಅಂದ್ರು. ನೋಡೋಣ, ಎಷ್ಟರ ಮಟ್ಟಿಗೆ ಆಗುತ್ತೋ.

ಇನ್ನೊಂದು ಮಾತು. ಮನೇಲಿ ಕನ್ನಡದಲ್ಲಿ ಅವರ ಬಗ್ಗೆ ಮಾತಾಡುವಾಗ ನಾವು ಯಾವ ಪದ ಬಳಸ್ತೀವಿ, ಅದನ್ನ ಹೇಳುವಾಗ ದನಿ ಎಷ್ಟು ತಗ್ಗಿಸ್ತೀವಿ ಅನ್ನೋದು ಇಲ್ಲಿ ಕೂತಿರೋ ಎಲ್ಲರಿಗೂ ಗೊತ್ತಿದೆ, ನಾನು ಬಿಡಿಸಿ ಹೇಳಲ್ಲ. ಮಕ್ಕಳಿಗೂ ಗೊತ್ತಾಗುತ್ತೆ ಅಷ್ಟೇ.

ನಾನು ಇಲ್ಲಿ ಟೆಕ್ಸಸ್‌ನ ಒಂದು ಆಸ್ಪತ್ರೆಯ ಬಿಲ್ಲಿಂಗ್ ಸೆಕ್ಷನ್‌ಗೆ ಸೇರಿದ್ದು 2009ರಲ್ಲಿ. ನನ್ನ ಕೆಲಸ ಏನು ಅಂದ್ರೆ ಇನ್ಶೂರೆನ್ಸ್ ಕಂಪನಿ ರಿಜೆಕ್ಟ್ ಮಾಡಿದ ಕ್ಲೇಮ್‌ಗಳನ್ನ ಹಿಡ್ಕೊಂಡು ಮತ್ತೆ ಅಪೀಲ್ ಹಾಕೋದು. ಅದನ್ನ ನನಗೆ ಕಲಿಸಿದ್ದು ನನಗಿಂತ ಹನ್ನೊಂದು ವರ್ಷ ದೊಡ್ಡವರಾದ ಒಬ್ಬ ಬ್ಲ್ಯಾಕ್ ಹೆಂಗಸು. ಹೆಸರು ಹೇಳಬೇಡ ಅಂದಿದಾರೆ. ಎದುರಿಗೆ ಹೆಸರು ಹಿಡಿದೇ ಕರೀತಿದ್ದೆ, ಇಲ್ಲಿ ಎಲ್ಲರೂ ಹಾಗೇ ಅಲ್ವಾ, ಆದ್ರೆ ಮನಸಲ್ಲಿ ನನಗೆ ಅವರು ಯಾವತ್ತೂ ಅಕ್ಕ. ಇವತ್ತೂ ಹಾಗೇ ಕರೀತೀನಿ.

ಅಕ್ಕನಿಗೆ ರಿಜೆಕ್ಷನ್ ಕೋಡ್‌ಗಳೆಲ್ಲ ಬಾಯಿಪಾಠ, ನಮ್ಮಜ್ಜಿಗೆ ಪಂಚಾಂಗ ಇದ್ದ ಹಾಗೆ. ಫೋನಲ್ಲಿ ಇನ್ಶೂರೆನ್ಸ್‌ನವರು "ಆಗಲ್ಲ" ಅಂದ್ರೆ ಇವರು ದನಿ ಏರಿಸ್ತಿರ್ಲಿಲ್ಲ, "ಸರಿ, ನಿಮ್ಮ ಹೆಸರು, ಈ ಕಾಲ್‌ನ ರೆಫರೆನ್ಸ್ ನಂಬರ್ ಹೇಳಿ" ಅಂತ ಬರ್ಕೊಂಡು, ಟೈಮ್ ಹಾಕ್ಕೊಂಡು, ಮಾರನೇ ದಿನ ಮತ್ತೆ ಫೋನ್. ಮೂರನೇ ಅಪೀಲ್‌ಗೆ ದುಡ್ಡು ಬರೋದು.

ಬೆಳಿಗ್ಗೆ ಪಾರ್ಕಿಂಗಲ್ಲಿ ಒಮ್ಮೊಮ್ಮೆ ಒಟ್ಟಿಗೇ ಸಿಗ್ತಿದ್ವಿ. ಅವರು ಕಾರಲ್ಲಿ ಕೂತು ತಂಗಿ ಜೊತೆ ಫೋನಲ್ಲಿ ಮಾತಾಡ್ತಿರ್ತಿದ್ರು, ಎಂಥಾ ನಗು ಅಂದ್ರೆ ಗಾಜು ಮುಚ್ಚಿದ್ರೂ ಹೊರಗೆ ಕೇಳೋದು. ಫೋನ್ ಇಟ್ಟು, ಕನ್ನಡಿ ನೋಡ್ಕೊಂಡು, ಕೂದಲ ಅಂಚು ಒತ್ತಿ ಸರಿಮಾಡಿ, ಒಂದೆರಡು ನಿಮಿಷ ಸುಮ್ನೆ ಕೂರ್ತಿದ್ರು. ಆಮೇಲೆ ಇಳಿದು ಬಂದು "ಗುಡ್ ಮಾರ್ನಿಂಗ್" ಅಂದ್ರೆ ಬೇರೆ ಯಾರೋ ಮಾತಾಡಿದ ಹಾಗೆ, ಸಣ್ಣ ದನಿ, ಸಪೂರ ದನಿ. ಲಿಫ್ಟ್ ಹತ್ತೋದ್ರೊಳಗೆ ಆ ನಗು ಎಲ್ಲಿ ಹೋಗೋದೋ. ಇದಕ್ಕೆ ಅವರ ಮಧ್ಯೆ ಒಂದು ಹೆಸರಿದೆ, ಕೋಡ್ ಸ್ವಿಚಿಂಗ್. ನಾವೂ ಮಾಡ್ತೀವಿ, ಕಾಲ್ ಸೆಂಟರಲ್ಲಿ ಕೆಲಸ ಮಾಡಿದವರನ್ನ ಕೇಳಿ. ಆದ್ರೆ ನಮಗೆ ಅದು ಪರದೇಶದಲ್ಲಿ ಕಲಿತ ಭಾಷೆ, ಅವರು ಹುಟ್ಟಿ ಬೆಳೆದ ಊರಲ್ಲೇ, ಅವರದೇ ಭಾಷೇನ ಹೀಗೆ ಬದಲಾಯಿಸ್ಕೋಬೇಕು.

ಈಗ ನಾನು ಮಾಡಿದ ಘನಂದಾರಿ ಕೆಲಸ ಕೇಳಿ. ಸೇರಿ ಮೂರು ವರ್ಷ ಆಗಿತ್ತು ಅಂತ ಕಾಣುತ್ತೆ, ಅಕ್ಕ ಒಂದು ಬೇಸಿಗೆ ಪೂರ್ತಿ ಸಣ್ಣ ಸಣ್ಣ ಜಡೆ ಹಾಕಿಸ್ಕೊಂಡು ಬರ್ತಿದ್ರು, ಬೆನ್ನಿನ ತನಕ ಇಳಿಬಿಟ್ಟ ಜಡೆಗಳು. ಅದನ್ನ ಹೆಣೆಯೋಕೆ ಶನಿವಾರ ಏಳು ಗಂಟೆ ಒಂದೇ ಕಡೆ ಕೂರಬೇಕಂತೆ. ಸೆಪ್ಟೆಂಬರ್‌ನಲ್ಲಿ ಒಂದು ಸೋಮವಾರ ನೋಡಿದ್ರೆ ಜಡೆ ಎಲ್ಲ ಬಿಚ್ಚಿ, ಕೂದಲು ನೇರ ಮಾಡಿಸ್ಕೊಂಡು ಬಂದಿದಾರೆ. ನಾನು ಕಾಫಿ ಕಪ್ ಹಿಡ್ಕೊಂಡು, ಒಳ್ಳೇ ಮನಸಿಂದಲೇ, "ವಾವ್, ಇವತ್ತು ತುಂಬಾ ಪ್ರೊಫೆಷನಲ್ ಆಗಿ ಕಾಣ್ತಿದೀರ" ಅಂದುಬಿಟ್ಟೆ.

ಅಕ್ಕ ಏನೂ ಅನ್ಲಿಲ್ಲ. ಥ್ಯಾಂಕ್ಸ್ ಅಂದು ಹೋದ್ರು. ಎಷ್ಟೋ ದಿನ ಆದಮೇಲೆ ಗೊತ್ತಾಯ್ತು, ಹಿಂದಿನ ವಾರವೇ ಅವರ ರಿವ್ಯೂ ಆಗಿತ್ತು, ಅದರಲ್ಲಿ ಮ್ಯಾನೇಜರ್ "ಡಾಕ್ಟರ್‌ಗಳ ಮುಂದೆ ಹೋಗೋ ಕೆಲಸ, ಸ್ವಲ್ಪ ಪಾಲಿಶ್ಡ್ ಆಗಿದ್ರೆ ಒಳ್ಳೇದು" ಅಂತ ಹೇಳಿದ್ರಂತೆ. ಕೂದಲು ಅನ್ನೋ ಪದ ಬಾಯಿಂದ ಬರ್ಲೇ ಇಲ್ಲ. ಅದರ ಮೇಲೆ ನಂದೊಂದು ಸರ್ಟಿಫಿಕೇಟ್! ಗಾಯದ ಮೇಲೆ ಬರೆ ಅಂತಾರಲ್ಲ, ಅದು ಬೇಕಂತ ಇಟ್ಟ ಬರೆ ಅಲ್ಲ ಅನ್ನೋದೊಂದೇ ಸಮಾಧಾನ. ಬರೆ ಬರೇನೇ.

ಕೂದಲು ಅಂದ್ರೆ ಸಿಲ್ಲಿ ವಿಷಯ ಅನ್ಸುತ್ತಲ್ವಾ. ನನಗೂ ಅನ್ಸಿತ್ತು. ಓದೋಕೆ ಶುರು ಮಾಡಿದ ಮೇಲೆ ಗೊತ್ತಾಗಿದ್ದು, ಇದು ಇನ್ನೂರು ವರ್ಷಕ್ಕಿಂತ ಹಳೇ ಜಗಳ.

1786ರಲ್ಲಿ ಲೂಸಿಯಾನಾ ಸ್ಪೇನಿನವರ ಕೈಲಿತ್ತು, ಗವರ್ನರ್ ಎಸ್ಟೆಬನ್ ಮಿರೋ ಅಂತ. ನ್ಯೂ ಆರ್ಲಿಯನ್ಸ್‌ನಲ್ಲಿ ಗುಲಾಮರಲ್ಲದ, ಸ್ವತಂತ್ರವಾಗಿದ್ದ ಕಪ್ಪು ಹೆಂಗಸರು ಕೂದಲಿಗೆ ಗರಿ, ಒಡವೆ ಎಲ್ಲ ಸಿಕ್ಕಿಸ್ಕೊಂಡು ಓಡಾಡ್ತಾರೆ, ಇದು ಜಾಸ್ತಿ ಆಯ್ತು ಅಂತ, ತಲೆಗೆ ಬಟ್ಟೆ ಕಟ್ಟಿ ಕೂದಲು ಮುಚ್ಕೋಬೇಕು ಅಂತ ಆಜ್ಞೆ ಹೊರಡಿಸಿದ. ಅವರೇನು ಮಾಡಿದ್ರು? ಕಟ್ಕೊಂಡ್ರು. ಆದ್ರೆ ರಂಗುರಂಗಿನ ಬಟ್ಟೆ ತಂದು, ಎತ್ತರಕ್ಕೆ ಸುತ್ತಿ ಗಂಟು ಹಾಕಿ ಅದನ್ನೇ ಕಿರೀಟದ ಹಾಗೆ ಮಾಡ್ಕೊಂಡ್ರು. ಆ ತಲೆವಸ್ತ್ರಕ್ಕೆ ಬಳಸ್ತಿದ್ದ ಬಟ್ಟೆಗಳಲ್ಲಿ ಒಂದು ನಮ್ಮ ಮದ್ರಾಸ್ ಕಡೆ ಇಂದ ಹಡಗಲ್ಲಿ ಹೋಗ್ತಿದ್ದ ಚೌಕಳಿ ಬಟ್ಟೆ, ಇವತ್ತಿಗೂ ಅದರ ಹೆಸರು ಮದ್ರಾಸೇ. ನನಗೆ ಇದು ಓದಿ ಎಷ್ಟು ಖುಷಿ ಆಯ್ತು ಅಂದ್ರೆ ಅಡುಗೆಮನೇಲಿದ್ದ ಗಂಡನ್ನ ಕರೆದು ಓದಿ ಹೇಳ್ದೆ. ಅವರು "ಹೂಂ" ಅಂದ್ರು.

ಅಲ್ಲಿಂದ ಸೀದಾ 1981ಕ್ಕೆ ಬನ್ನಿ. ರೆನೀ ರೋಜರ್ಸ್ ಅಂತ ಒಬ್ಬರು, ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವರು, ಏರ್‌ಪೋರ್ಟಲ್ಲಿ ಪ್ರಯಾಣಿಕರನ್ನ ಮಾತಾಡ್ಸೋದು, ಬೋರ್ಡಿಂಗ್ ಪಾಸ್ ಕೊಡೋದು. ತಲೆಗೆ ಅಂಟಿದ ಹಾಗೆ ಸಾಲು ಸಾಲಾಗಿ ಹೆಣೆಯೋ ಜಡೆ ಇದೆಯಲ್ಲ, ಕಾರ್ನ್‌ರೋಸ್, ಅದನ್ನ ಹಾಕ್ಕೊಂಡು ಬಂದ್ರು. ಕಂಪನಿ ಬೇಡ ಅಂತು, ಬೇಕಾದ್ರೆ ಡ್ಯೂಟಿ ಟೈಮಲ್ಲಿ ಗಂಟು ಕಟ್ಕೊಂಡು ಮೇಲೊಂದು ಚೌರಿ ಸಿಕ್ಕಿಸ್ಕೋ ಅಂತು. ಅದರಿಂದ ವಿಪರೀತ ತಲೆನೋವು ಬರುತ್ತೆ ಅಂತ ಅವರು ಹೇಳಿದ್ರೂ ಪ್ರಯೋಜನ ಆಗ್ಲಿಲ್ಲ, ಕೋರ್ಟಿಗೆ ಹೋದ್ರು. ಕೋರ್ಟು ಏನಂತು ಗೊತ್ತಾ, ಜಡೆ ಅನ್ನೋದು ಹುಟ್ಟಿಂದ ಬರೋ ಗುಣ ಅಲ್ಲ, ಬೇಕಾದ್ರೆ ಬದಲಾಯಿಸ್ಕೋಬಹುದು, ಅದೂ ಅಲ್ದೆ ಬೋ ಡೆರೆಕ್ ಅನ್ನೋ ಬಿಳಿ ನಟಿ ಒಂದು ಸಿನಿಮಾದಲ್ಲಿ ಇದೇ ಜಡೆ ಹಾಕಿ ಫೇಮಸ್ ಮಾಡಿದ ಸ್ವಲ್ಪ ದಿನಕ್ಕೇ ಈ ಹೆಂಗಸು ಹಾಕ್ಕೊಂಡು ಬಂದಿದಾರೆ ಅಂತ ತೀರ್ಪಲ್ಲೇ ಬರೆದ್ರು. ತಲತಲಾಂತರದಿಂದ ಅಜ್ಜಿಯಂದಿರು ಮೊಮ್ಮಕ್ಕಳಿಗೆ ಹಾಕ್ತಾ ಬಂದ ಜಡೆ, ಅದಕ್ಕೆ ಸಿನಿಮಾ ನಟಿ ವಾರಸುದಾರಳು! ಕೇಸ್ ಸೋತ್ರು.

2010. ಅಲಬಾಮಾದ ಮೊಬೈಲ್ ಅನ್ನೋ ಊರು. ಚಾಸ್ಟಿಟಿ ಜೋನ್ಸ್ ಅಂತ, ಇನ್ಶೂರೆನ್ಸ್ ಕ್ಲೇಮ್ ನೋಡೋ ಕಂಪನಿಯ ಕಾಲ್ ಸೆಂಟರ್ ಕೆಲಸಕ್ಕೆ ಇಂಟರ್‌ವ್ಯೂ ಕೊಟ್ಟು ಪಾಸ್ ಆದ್ರು. ಕಾಲ್ ಸೆಂಟರ್ ಅಂದ್ರೆ ಗಿರಾಕಿಗೆ ಮುಖ ಕೂಡ ಕಾಣಲ್ಲ. ಎಲ್ಲ ಮುಗಿದ ಮೇಲೆ ಎಚ್‌ಆರ್ ಅವರು ತಲೆ ನೋಡಿ, ಈ ಡ್ರೆಡ್‌ಲಾಕ್ಸ್ (ಜಟೆ ಹಾಗೆ ಹೊಸೆದ ಕೂದಲು, ಬರೀ ಲಾಕ್ಸ್ ಅಂತಲೂ ಅಂತಾರೆ) ಬೇಡ, ಅವು ಕೊಳಕಾಗ್ತವೆ, ನಿಮ್ಮದು ಹಾಗಿದೆ ಅಂತಲ್ಲ, ಆದ್ರೆ ನಾನು ಏನು ಹೇಳ್ತಿದೀನಿ ಅಂತ ನಿಮಗೆ ಗೊತ್ತಲ್ವಾ, ಅನ್ನೋ ಅರ್ಥದಲ್ಲಿ ಹೇಳಿದ್ರಂತೆ. ಈ "ನಿಮಗೆ ಗೊತ್ತಲ್ವಾ" ಇದೆಯಲ್ಲ, ನನ್ನ ಪ್ರಕಾರ ಇಡೀ ವಿಷಯ ಅದರಲ್ಲೇ ಇದೆ. ಬಾಯಿಬಿಟ್ಟು ಹೇಳಿದವರಿಗೆ ಕೇಳಬಹುದು, ಹೇಳದೇ ಹೇಳಿದವರನ್ನ ಏನಂತ ಕೇಳ್ತೀರ. ಜೋನ್ಸ್ ಕೂದಲು ಕತ್ತರಿಸಲ್ಲ ಅಂದ್ರು, ಕೆಲಸ ಹೋಯ್ತು. ಸರ್ಕಾರದ ಉದ್ಯೋಗ ಆಯೋಗವೇ ಅವರ ಪರವಾಗಿ ಕೇಸ್ ಹಾಕ್ತು, 2016ರಲ್ಲಿ ಅಪೀಲ್ ಕೋರ್ಟಲ್ಲೂ ಸೋಲು, 2018ರಲ್ಲಿ ಸುಪ್ರೀಂ ಕೋರ್ಟ್ ಕೇಳೋಕೇ ಒಪ್ಪಲಿಲ್ಲ. ವಾದ ಮತ್ತೆ ಅದೇ, ಚರ್ಮ ಬದಲಾಗಲ್ಲ, ಕೂದಲಿನ ಸ್ಟೈಲ್ ಬದಲಾಗುತ್ತೆ.

ಸೈನ್ಯದ ಕಥೆ ಇನ್ನೂ ಚೆನ್ನಾಗಿದೆ. 2014ರಲ್ಲಿ ಅಮೆರಿಕದ ಸೈನ್ಯ ಕೂದಲಿನ ನಿಯಮ ಹೊಸದಾಗಿ ಬರೆದಾಗ ಈ ಥರದ ಕೂದಲಿಗೆ ಗಂಟುಗಂಟಾದ, ಒಪ್ಪ ಇಲ್ಲದ ಅನ್ನೋ ಅರ್ಥದ ಪದಗಳನ್ನೇ ಬಳಸಿದ್ರು, ಗಲಾಟೆ ಆಗಿ ಅದೇ ವರ್ಷ ಆ ಪದ ತೆಗೆದ್ರು, 2017ರಲ್ಲಿ ಲಾಕ್ಸ್ ಬಿಡಬಹುದು ಅಂದ್ರು. ಬಂದೂಕು ಹಿಡಿಯೋಕೆ ಅಡ್ಡಿ ಇಲ್ದೇ ಇದ್ದದ್ದು ಬಿಲ್ಲಿಂಗ್ ಡಿಪಾರ್ಟ್‌ಮೆಂಟಿಗೆ ಹೇಗೆ ಅಡ್ಡಿ ಆಗುತ್ತೋ ನಂಗಂತೂ ತಿಳೀಲಿಲ್ಲ.

ಕೋರ್ಟಲ್ಲಿ ಸೋತಿದ್ದಕ್ಕೆ ಏನಾಯ್ತು ಅಂದ್ರೆ, ಕಾನೂನನ್ನೇ ಬದಲಾಯಿಸೋಣ ಅಂತ ಹೊರಟ್ರು. 2019ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ರೌನ್ ಆಕ್ಟ್ ಬಂತು, ಅದನ್ನ ಮಂಡಿಸಿದ ಸೆನೆಟರ್ ಹಾಲಿ ಮಿಚೆಲ್, ಅವರೂ ಬ್ಲ್ಯಾಕ್, ಅವರದ್ದೂ ಲಾಕ್ಸ್. ಕೆಲಸದಲ್ಲಿ, ಸ್ಕೂಲಲ್ಲಿ ಸಹಜ ಕೂದಲು, ಜಡೆ, ಲಾಕ್ಸ್ ನೆಪ ಮಾಡ್ಕೊಂಡು ಯಾರನ್ನೂ ಹೊರಗಿಡೋ ಹಾಗಿಲ್ಲ. ಆಮೇಲೆ ನ್ಯೂಯಾರ್ಕ್, ನ್ಯೂಜೆರ್ಸಿ, ಹೀಗೆ ಇಪ್ಪತ್ತಕ್ಕಿಂತ ಹೆಚ್ಚು ರಾಜ್ಯ. ನಮ್ಮ ಟೆಕ್ಸಸ್‌ನಲ್ಲಿ 2023ರ ಸೆಪ್ಟೆಂಬರ್ 1ರಿಂದ ಜಾರಿ. ದೇಶಕ್ಕೆಲ್ಲ ಒಂದೇ ಕಾನೂನು ಅಂತ ಕೆಳಮನೆ 2022ರಲ್ಲಿ ಪಾಸ್ ಮಾಡಿದ್ದು ಸೆನೆಟ್‌ನಲ್ಲಿ ಹೋಗಿ ನಿಂತ್ಕೊಳ್ತು.

ಇಷ್ಟೆಲ್ಲ ಯಾಕೆ, ನೇರ ಮಾಡಿಸ್ಕೊಂಡು ಸುಮ್ನಿರಬಹುದಲ್ವಾ ಅಂತ ಮನಸಲ್ಲಿ ಅನ್ಕೊಳ್ತಿರೋರಿಗೆ ಒಂದು ವಿಷಯ. 2022ರ ಅಕ್ಟೋಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ಮೂವತ್ತಮೂರು ಸಾವಿರಕ್ಕಿಂತ ಹೆಚ್ಚು ಹೆಂಗಸರನ್ನ ಸುಮಾರು ಹನ್ನೊಂದು ವರ್ಷ ಗಮನಿಸಿದ ಅಧ್ಯಯನ ಪ್ರಕಟ ಮಾಡಿದ್ರು. ಕೂದಲು ನೇರ ಮಾಡೋ ಕೆಮಿಕಲ್ ಯಾವತ್ತೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರೋ ಅಂದಾಜು 1.64 ಪರ್ಸೆಂಟ್, ವರ್ಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬಳಸಿದವರಲ್ಲಿ 4.05. ಇದೇ ಕಾರಣ ಅಂತ ಅದು ಸಾಬೀತು ಮಾಡಲ್ಲ, ನಂಟಿದೆ ಅಂತ ಹೇಳುತ್ತೆ ಅಷ್ಟೇ. ಆದ್ರೂ "ಪಾಲಿಶ್ಡ್" ಅನ್ನೋ ಪದ ಕೇಳಿದಾಗೆಲ್ಲ ನನಗೀಗ ಈ ಎರಡು ಸಂಖ್ಯೆ ಜ್ಞಾಪಕ ಬರ್ತವೆ.

ಈಗ ಆಫೀಸುಗಳಲ್ಲಿ ಹೊಸ ಮಂತ್ರ ಒಂದಿದೆ, ನೀವು ನೀವಾಗೇ ಕೆಲಸಕ್ಕೆ ಬನ್ನಿ, ಅಥೆಂಟಿಕ್ ಆಗಿರಿ ಅಂತ. ಪೋಸ್ಟರ್ ಕೂಡ ಹಾಕಿರ್ತಾರೆ, ಕಾಫಿ ಮೆಷಿನ್ ಪಕ್ಕ. ಕೇಳೋಕೆ ಚೆನ್ನಾಗಿದೆ. ಆದ್ರೆ ಬಾಗಿಲಲ್ಲೇ ನಿಂತು ಅರ್ಜಿ ನೋಡೋರು ಹೆಸರು ನೋಡೇ ಪಕ್ಕಕ್ಕಿಟ್ರೆ? 2004ರಲ್ಲಿ ಬರ್ಟ್ರಂಡ್ ಮತ್ತೆ ಸೆಂಧಿಲ್ ಮುಲ್ಲೈನಾಥನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟ ಮಾಡಿದ್ರು, ಮುಲ್ಲೈನಾಥನ್ ತಮಿಳುನಾಡಲ್ಲಿ ಹುಟ್ಟಿದವರು. ಬಾಸ್ಟನ್, ಶಿಕಾಗೋದ ಪೇಪರ್ ಜಾಹೀರಾತುಗಳಿಗೆ ಹತ್ತಿರ ಹತ್ತಿರ ಐದು ಸಾವಿರ ಸುಳ್ಳು ರೆಸ್ಯೂಮೆ ಕಳಿಸಿದ್ರು, ಕೆಲವಕ್ಕೆ ಎಮಿಲಿ ಗ್ರೆಗ್ ಥರದ ಹೆಸರು, ಕೆಲವಕ್ಕೆ ಲಕೀಷಾ ಜಮಾಲ್ ಥರದ್ದು. ಬಿಳಿ ಅನ್ನಿಸೋ ಹೆಸರಿಗೆ ಬಂದ ಕರೆ 50 ಪರ್ಸೆಂಟ್ ಜಾಸ್ತಿ. ನಮ್ಮ ವೆಂಕಟೇಶ ಇಲ್ಲಿಗೆ ಬಂದು ವೆನ್ ಆಗೋದು ನೆನಪಾಯ್ತಾ? ವೆನ್ ಆಗೋದಕ್ಕೆ ಅವನಿಗೆ ಒಂದು ದಾರಿ ಇದೆ, ಲಕೀಷಾ ಹೆಸರು ಬದಲಾಯಿಸಿ ಒಳಗೆ ಹೋದ್ರೂ ಆಮೇಲೆ ಮುಖ ಇದ್ದೇ ಇರುತ್ತಲ್ಲ.

ಇನ್ನೊಂದು ಕೇಸ್ ಹೇಳಿಬಿಡ್ತೀನಿ, ಇದು ಸ್ವಲ್ಪ ನಿಧಾನಕ್ಕೆ ಕೇಳಿ. ಸೇಂಟ್ ಲೂಯಿಸ್‌ನಲ್ಲಿ ಜನರಲ್ ಮೋಟಾರ್ಸ್ ಫ್ಯಾಕ್ಟರಿ. 1964ಕ್ಕೆ ಮುಂಚೆ ಅಲ್ಲಿ ಬ್ಲ್ಯಾಕ್ ಹೆಂಗಸರನ್ನ ಕೆಲಸಕ್ಕೇ ತಗೋತಿರ್ಲಿಲ್ಲ. ಆಮೇಲೆ ತಗೊಂಡ್ರು. ಮಾರ್ಕೆಟ್ ಬಿತ್ತು, ಸೀನಿಯಾರಿಟಿ ಪ್ರಕಾರ ಕೊನೆಗೆ ಬಂದವರನ್ನ ಮೊದಲು ಮನೆಗೆ ಕಳಿಸಿದ್ರು, 1970ರ ನಂತರ ಸೇರಿದ್ದ ಬ್ಲ್ಯಾಕ್ ಹೆಂಗಸರೆಲ್ಲ ಕೆಲಸ ಕಳ್ಕೊಂಡ್ರು. ಸೇರೋಕೇ ಬಿಡದೇ ಇದ್ರೆ ಸೀನಿಯಾರಿಟಿ ಎಲ್ಲಿಂದ ಬರುತ್ತೆ ಸ್ವಾಮಿ? ಎಮ್ಮಾ ಡಿಗ್ರಾಫೆನ್‌ರೀಡ್ ಮತ್ತೆ ಇನ್ನೂ ನಾಲ್ವರು ಕೋರ್ಟಿಗೆ ಹೋದ್ರು. 1976ರಲ್ಲಿ ಜಡ್ಜ್ ಹೇಳಿದ್ದಿಷ್ಟು, ಹೆಂಗಸು ಅಂತ ಅನ್ಯಾಯ ಆಗಿದ್ರೆ ಹೇಳಿ, ಬ್ಲ್ಯಾಕ್ ಅಂತ ಆಗಿದ್ರೆ ಹೇಳಿ, ಎರಡನ್ನೂ ಕಲಸಿ ತರೋ ಹಾಗಿಲ್ಲ. ಕಂಪನಿ ಹೆಂಗಸರನ್ನ ತಗೊಂಡಿದೆ, ಆಫೀಸ್ ಕೆಲಸಕ್ಕೆ, ಅವರು ಬಿಳಿಯರು. ಬ್ಲ್ಯಾಕ್ ಜನರನ್ನೂ ತಗೊಂಡಿದೆ, ಶಾಪ್ ಫ್ಲೋರಿಗೆ, ಅವರು ಗಂಡಸರು. ಎರಡು ಸಾಲಲ್ಲೂ ಇವರಿಗೆ ಜಾಗ ಇಲ್ಲ. ಇದೇ ಕೇಸ್ ಹಿಡ್ಕೊಂಡು 1989ರಲ್ಲಿ ಕಿಂಬರ್ಲೆ ಕ್ರೆನ್‌ಶಾ ಅನ್ನೋ ಕಾನೂನು ಪ್ರೊಫೆಸರ್ ಇಂಟರ್‌ಸೆಕ್ಷನಾಲಿಟಿ ಅನ್ನೋ ಪದ ಕೊಟ್ಟಿದ್ದು, ಅಂದ್ರೆ ಬಣ್ಣ, ಹೆಣ್ಣು ಅನ್ನೋದು ಎರಡೂ ಒಂದೇ ಕಡೆ ಕೂಡಿ ಬೀಳೋ ಪೆಟ್ಟು. ಆ ಪದ ಈಗ ಯೂನಿವರ್ಸಿಟಿಗಳಲ್ಲಿ ಸವೆದು ಹೋಗೋ ಅಷ್ಟು ಬಳಸ್ತಾರೆ, ಆದ್ರೆ ಅದರ ಬೇರು ಕಾರ್ ಫ್ಯಾಕ್ಟರಿಲಿ ಕೆಲಸ ಹೋದ ಐದು ಜನರ ಸಂಬಳದ ವಿಷಯ, ಅದನ್ನ ಮರೀಬೇಡಿ.

ಸಂಬಳದ ಮಾತು ಬಂತಲ್ಲ, ಇವತ್ತಿಗೂ ವರ್ಷಪೂರ್ತಿ ಫುಲ್ ಟೈಮ್ ದುಡಿಯೋ ಬ್ಲ್ಯಾಕ್ ಹೆಂಗಸಿಗೆ ಬಿಳಿ ಗಂಡಸಿನ ಒಂದು ಡಾಲರ್ ಎದುರು ಸಿಗೋದು ಮೂರರಲ್ಲಿ ಎರಡು ಪಾಲಿನ ಆಸುಪಾಸು.

ಈಗ ಆ ರೆಸಿಲಿಯೆನ್ಸ್‌ಗೆ ಬರ್ತೀನಿ, ಕೂಟದವರು ನನ್ನನ್ನ ಕರೆದದ್ದೇ ಅದಕ್ಕೆ. ಇದಕ್ಕೆ ಕನ್ನಡದಲ್ಲಿ ಏನಂತೀವಿ ಅಂತ ಯೋಚಿಸ್ದೆ. ತಾಳ್ಮೆ, ಸಹನೆ... ಕ್ಷಮಯಾ ಧರಿತ್ರಿ ಅಂತೀವಿ, ಭೂಮಿತಾಯಿ ಥರ ಅಂತೀವಿ. ಅಗೆದ್ರೂ ಉತ್ರೂ ಸುಮ್ನಿರ್ತಾಳೆ ಅನ್ನೋದು ಹೊಗಳಿಕೆ! ಅಮೆರಿಕದಲ್ಲಿ ಬ್ಲ್ಯಾಕ್ ಹೆಂಗಸರಿಗೆ ಇಂಥದ್ದೇ ಒಂದು ಬಿರುದು ಇದೆ, ಸ್ಟ್ರಾಂಗ್ ಬ್ಲ್ಯಾಕ್ ವುಮನ್. ಎತ್ತು ಗಟ್ಟಿ ಇದೆ ಅಂದ ಮೇಲೆ ಗಾಡಿಗೆ ಇನ್ನೊಂದು ಮೂಟೆ ಹೇರೋದೇ ತಾನೆ. ನಮ್ಮ ಸೆಕ್ಷನ್‌ನಲ್ಲಿ ಯಾರಾದ್ರೂ ಕೆಲಸ ಬಿಟ್ಟು ಹೋದ್ರೆ ಅವರ ಫೈಲ್ ಎಲ್ಲ ಯಾರ ಟೇಬಲ್ಲಿಗೆ ಬರ್ತಿತ್ತು ಅಂತೀರ? "ಯು ಆರ್ ಸೋ ಸ್ಟ್ರಾಂಗ್, ನಿಮ್ಮ ಕೈಲಿ ಆಗುತ್ತೆ." ಅದೇ ಹೆಂಗಸು ಒಂದು ದಿನ ಆಗಲ್ಲ ಅಂದ್ರೆ ಮಾತ್ರ "ಯಾಕೋ ಸಿಟ್ಟಲ್ಲಿದಾರೆ". ಗಟ್ಟಿಗಿತ್ತಿ, ಇಲ್ಲ ಸಿಡುಕಿ, ಮಧ್ಯದಲ್ಲಿ ಸುಸ್ತಾದ ಮನುಷ್ಯಳು ಅಂತ ಒಂದು ಖಾನೆ ಇಲ್ವೇ ಇಲ್ಲ.

ಮೈಗೆ ಇದು ಏನು ಮಾಡುತ್ತೆ ಅಂತ ಲೆಕ್ಕ ಇಟ್ಟವರಿದಾರೆ. ಆರ್ಲೀನ್ ಜೆರೋನಿಮಸ್ ಅನ್ನೋ ಸಂಶೋಧಕಿ 1992ರಲ್ಲೇ ವೆದರಿಂಗ್ ಅನ್ನೋ ವಾದ ಇಟ್ರು, ಅಂದ್ರೆ ಬಂಡೆ ಬಿಸಿಲು ಮಳೆಗೆ ಸವೆಯೋ ಹಾಗೆ, ದಿನಾ ದಿನಾ ಎಚ್ಚರದಲ್ಲೇ ಬದುಕೋ ದೇಹ ವಯಸ್ಸಿಗಿಂತ ಮುಂಚೆ ಮುಪ್ಪಾಗುತ್ತೆ ಅಂತ. 2010ರಲ್ಲಿ ಶೆರಿಲ್ ವುಡ್ಸ್ ಜಿಸ್ಕೋಂಬೆ, ನರ್ಸಿಂಗ್ ವಿಭಾಗದವರು, ಬ್ಲ್ಯಾಕ್ ಹೆಂಗಸರನ್ನೇ ಕೂರಿಸ್ಕೊಂಡು ಕೇಳಿ ಸೂಪರ್‌ವುಮನ್ ಸ್ಕೀಮಾ ಅಂತ ಬರೆದ್ರು, ಗಟ್ಟಿ ಇದ್ದ ಹಾಗೆ ತೋರಿಸ್ಕೋಬೇಕು, ಅಳು ನುಂಗಬೇಕು, ಸಹಾಯ ಕೇಳಬಾರದು, ಮಿಕ್ಕವರಿಗೆಲ್ಲ ಸಹಾಯ ಮಾಡಬೇಕು. ಇದನ್ನ ಓದುವಾಗ ನನಗೆ ನಮ್ಮಮ್ಮ ಕಂಡ್ರು, ನಿಮಗೂ ಯಾರೋ ಕಂಡಿರ್ತಾರೆ.

ಹಾಗಾದ್ರೆ ರೆಸಿಲಿಯೆನ್ಸ್ ಅನ್ನೋದೇ ಸುಳ್ಳಾ? ಅಲ್ಲ. ನಾವು ಅದನ್ನ ತಪ್ಪು ಜಾಗದಲ್ಲಿ ಹುಡುಕ್ತಿದೀವಿ ಅಂತ ನನ್ನ ಅನಿಸಿಕೆ. ಸಹಿಸಿಕೊಂಡಿದ್ರಲ್ಲಿ ಅಲ್ಲ, ಮತ್ತೆ ಮತ್ತೆ ಅಪೀಲ್ ಹಾಕಿದ್ರಲ್ಲಿ ಇದೆ ಅದು.

1881, ಅಟ್ಲಾಂಟಾ. ಗುಲಾಮಗಿರಿ ಮುಗಿದು ಇನ್ನೂ ಹದಿನಾರು ವರ್ಷ. ಊರವರ ಬಟ್ಟೆ ಒಗೆಯೋ ಬ್ಲ್ಯಾಕ್ ಹೆಂಗಸರು, ನೀರು ಹೊತ್ತು, ಸೋಪು ತಾವೇ ಕಾಯಿಸಿ, ಇಸ್ತ್ರಿ ಮಾಡಿ ಕೊಡ್ತಿದ್ದವರು, ಜುಲೈನಲ್ಲಿ ಇಪ್ಪತ್ತು ಜನ ಚರ್ಚಲ್ಲಿ ಸೇರಿ ಸಂಘ ಕಟ್ಟಿದ್ರು. ಹನ್ನೆರಡು ಪೌಂಡ್ ಬಟ್ಟೆಗೆ ಒಂದು ಡಾಲರ್ ಕೊಡಿ, ಇಲ್ಲ ಅಂದ್ರೆ ಒಗೆಯಲ್ಲ. ಮನೆ ಮನೆಗೆ ಹೋಗಿ ಜನ ಸೇರಿಸಿದ್ರು, ಮೂರು ವಾರದಲ್ಲಿ ಮೂರು ಸಾವಿರ ಆದ್ರು. ಹಿಡಿದು ಒಳಗೆ ಹಾಕಿದ್ರು, ದಂಡ ಹಾಕಿದ್ರು, ಕೊನೆಗೆ ಊರಿನ ಕೌನ್ಸಿಲ್ ಒಗೆಯೋರೆಲ್ಲ 25 ಡಾಲರ್ ಲೈಸೆನ್ಸ್ ಫೀ ಕಟ್ಟಬೇಕು ಅಂತ ಹೆದರಿಸ್ತು. ಅವರು ಮೇಯರ್‌ಗೆ ಪತ್ರ ಬರೆದ್ರು, ಫೀ ಕಟ್ತೀವಿ, ಆದ್ರೆ ಊರಿನ ಒಗೆತದ ಹಕ್ಕು ಪೂರ್ತಿ ನಮ್ಮ ಕೈಗೆ ಬರ್ಲಿ, ಈ ವಾರ ಇತ್ಯರ್ಥ ಆಗ್ಬೇಕು, ಆಗದಿದ್ರೆ ಬಟ್ಟೆ ಒಗೆಯಲ್ಲ ಅಂತ. ಕೌನ್ಸಿಲ್ ಆ ಫೀ ಕೈಬಿಡ್ತು. ಕೊಳೆಬಟ್ಟೆ ಮುಂದೆ ಯಾರ ಗತ್ತೂ ನಡೆಯಲ್ಲ ನೋಡಿ.

ಇದೇ ಅಟ್ಲಾಂಟಾದಲ್ಲಿ 1968ರಲ್ಲಿ ಡೊರೋತಿ ಬೋಲ್ಡನ್, ಮನೆಗೆಲಸದವರ ಯೂನಿಯನ್ ಕಟ್ಟಿದವರು. ಬೆಳಿಗ್ಗೆ ಕೆಲಸಕ್ಕೆ ಹೋಗೋರೆಲ್ಲ ಹತ್ತೋ ಸಿಟಿ ಬಸ್ಸಲ್ಲೇ ಹೋಗಿ ಜನ ಸೇರಿಸ್ತಿದ್ರು. ಸದಸ್ಯರಾಗ್ಬೇಕು ಅಂದ್ರೆ ಒಂದು ಡಾಲರ್ ಕೊಡ್ಬೇಕು, ಜೊತೆಗೆ ಓಟರ್ ಲಿಸ್ಟಲ್ಲಿ ಹೆಸರು ಬರೆಸಿರ್ಬೇಕು. ಆಫೀಸಲ್ಲಿ ನಾವೆಲ್ಲ ಕೂತು ಕ್ಲಿಕ್ ಮಾಡಿ ಮುಗಿಸ್ತೀವಲ್ಲ, ಲೈಂಗಿಕ ಕಿರುಕುಳದ ಟ್ರೈನಿಂಗ್, ಅದರ ಹಿಂದೆ 1986ರ ಸುಪ್ರೀಂ ಕೋರ್ಟ್ ತೀರ್ಪು ಇದೆ, ಆ ಕೇಸ್ ಹಾಕಿದ್ದು ಮೆಷೆಲ್ ವಿನ್ಸನ್, ಹತ್ತೊಂಬತ್ತನೇ ವಯಸ್ಸಿಗೆ ಬ್ಯಾಂಕ್ ಕೌಂಟರ್ ಕೆಲಸಕ್ಕೆ ಸೇರಿದ ಬ್ಲ್ಯಾಕ್ ಹುಡುಗಿ. ನಾವಿಲ್ಲಿಗೆ ವೀಸಾ ತಗೊಂಡು ಬರೋಕೆ ದಾರಿ ಮಾಡಿದ 1965ರ ವಲಸೆ ಕಾನೂನೂ ಅದೇ ನಾಗರಿಕ ಹಕ್ಕಿನ ಹೋರಾಟದ ಬಿಸಿಯಲ್ಲಿ ಬಂದದ್ದು. ಪಾಲಿಟಿಕ್ಸ್ ಬೇಡ ಅಂದಿದ್ರು, ಸಾರಿ.

ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಮಿರಿಯಂ ಮ್ಯಾನ್ ಕಥೆ. ವರ್ಜೀನಿಯಾದ ಲ್ಯಾಂಗ್ಲಿಯಲ್ಲಿ, ನಾಸಾ ಅನ್ನೋ ಹೆಸರು ಬರೋಕೂ ಮುಂಚೆ, ವಿಮಾನದ ಲೆಕ್ಕ ಹಾಕೋಕೆ ಗಣಿತ ಓದಿದ ಹೆಂಗಸರನ್ನ ತಗೋತಿದ್ರು, ಅವರನ್ನೇ ಕಂಪ್ಯೂಟರ್ ಅಂತ ಕರೀತಿದ್ರು. ಇವರು ಸೇರಿದ್ದು 1943ರಲ್ಲಿ. ಕ್ಯಾಂಟೀನಲ್ಲಿ ಹಿಂದಿನ ಒಂದು ಟೇಬಲ್ ಮೇಲೆ ಬೋರ್ಡು, "ಕಲರ್ಡ್ ಕಂಪ್ಯೂಟರ್ಸ್" ಅಂತ, ನೀವು ಇಲ್ಲೇ ಕೂತು ತಿನ್ನಬೇಕು ಅಂತ ಅರ್ಥ. ಮಿರಿಯಂ ಒಂದಿನ ಆ ಬೋರ್ಡ್ ಎತ್ತಿ ಪರ್ಸಿಗೆ ಹಾಕ್ಕೊಂಡು ಹೋದ್ರು. ಸ್ವಲ್ಪ ದಿನಕ್ಕೆ ಹೊಸ ಬೋರ್ಡು ಬಂತು. ಅದನ್ನೂ ಪರ್ಸಿಗೆ ಹಾಕಿದ್ರು. ಮತ್ತೊಂದು ಬಂತು, ಮತ್ತೆ ಪರ್ಸು. ಕೆಲಸ ಹೋಗುತ್ತೆ ಕಣೇ ಅಂತ ಮನೇಲಿ ಗಂಡ ಹೆದರ್ತಿದ್ರಂತೆ. ಹೀಗೇ ನಡೀತು, ಒಂದಿನ ಬೋರ್ಡು ಬರೋದು ನಿಂತುಹೋಯ್ತು. ಇಟ್ಟವರು ಯಾರು ಅಂತ ಅವರು ಕೇಳ್ಲಿಲ್ಲ, ತೆಗೆದವರು ಯಾರು ಅಂತ ಇವರೂ ಹೇಳ್ಲಿಲ್ಲ. ನಾನು ಯೋಚನೆ ಮಾಡೋದು ಆ ಪರ್ಸಿನ ಬಗ್ಗೆ. ಮನೆಗೆ ಬಂದು ಪರ್ಸು ಬಿಚ್ಚಿ, ಬೋರ್ಡ್ ಎಲ್ಲಿ ಇಡ್ತಿದ್ರೋ ಏನೋ.

ಅಕ್ಕನ ಹತ್ರ ಪರ್ಸಿನ ಬದಲು ಒಂದು ಫೋಲ್ಡರ್ ಇತ್ತು. ಕೆಳಗಿನ ಡ್ರಾಯರಲ್ಲಿ, ನೀಲಿ ಬಣ್ಣದ್ದು. ಡಾಕ್ಟರ್ ಯಾರಾದ್ರೂ ಥ್ಯಾಂಕ್ಸ್ ಅಂತ ಈಮೇಲ್ ಬರೆದ್ರೆ ಪ್ರಿಂಟ್ ತೆಗೆದು ಅದರಲ್ಲಿ. ಮೀಟಿಂಗಲ್ಲಿ ಇವರ ಐಡಿಯಾ ಇನ್ನೊಬ್ಬರ ಹೆಸರಲ್ಲಿ ಹೋದ್ರೆ ತಾರೀಖು ಹಾಕಿ ಚೀಟಿ. ಆ "ಪಾಲಿಶ್ಡ್" ರಿವ್ಯೂ ಕೂಡ, ದಿನ, ಟೈಮು, ರೂಮಲ್ಲಿ ಇದ್ದವರ ಹೆಸರು. ಯಾಕೆ ಇದೆಲ್ಲ ಅಂತ ಕೇಳಿದ್ದಕ್ಕೆ, ನಿನಗೆ ಮೊದಲ ದಿನ ಏನು ಕಲಿಸಿದ್ದೆ, ದಾಖಲೆ ಇಲ್ದೆ ಅಪೀಲ್ ನಿಲ್ಲಲ್ಲ ಅಂತ ಅಲ್ವಾ, ಅಂದ್ರು. ನನ್ನ ಆ ಕಾಫಿ ಕಪ್ ಮಾತು ಅದರಲ್ಲಿ ಇದೆಯಾ ಅಂತ ಕೇಳೋ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

2022ರ ಮಾರ್ಚಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್ ಸೆನೆಟ್ ಮುಂದೆ ಕೂತಿದ್ರಲ್ಲ, ಸುಪ್ರೀಂ ಕೋರ್ಟಿನ ಮೊದಲ ಬ್ಲ್ಯಾಕ್ ಮಹಿಳಾ ಜಡ್ಜ್, ತಲೇಲಿ ಸಣ್ಣ ಸಣ್ಣ ಲಾಕ್ಸ್. ಲಂಚ್ ಟೈಮಲ್ಲಿ ಫೋನಲ್ಲಿ ನೋಡ್ತಿದ್ವಿ. ಅವರು ಹಾರ್ವರ್ಡ್‌ಗೆ ಹೊಸದಾಗಿ ಸೇರಿದಾಗ ಮನೆ ನೆನಪಾಗಿ ಒಂದು ಸಂಜೆ ಸಪ್ಪಗೆ ನಡ್ಕೊಂಡು ಹೋಗ್ತಿದ್ರಂತೆ, ಎದುರಿಗೆ ಬಂದ ಯಾರೋ ಗುರುತಿಲ್ಲದ ಬ್ಲ್ಯಾಕ್ ಹೆಂಗಸು ಮುಖ ನೋಡಿ, ಹತ್ತಿರ ಬಾಗಿ "ಪರ್ಸೆವಿಯರ್" ಅಂದು ಹೋದ್ರಂತೆ, ಬಿಡಬೇಡ ಅಂತ. ನನ್ನ ಕಣ್ಣಲ್ಲಿ ನೀರು. ಅಕ್ಕ ಸ್ಯಾಂಡ್‌ವಿಚ್ ತಿಂತಾ, "ಚೆನ್ನಾಗಿದೆ, ಆದ್ರೆ ಹಾಗೆ ದಾರೀಲಿ ಹೇಳಿಸ್ಕೊಳ್ಳೋ ಅವಶ್ಯಕತೆ ಇಲ್ದೇ ಇರೋ ಹುಡುಗಿ ಯಾವಾಗ ಹುಟ್ತಾಳೆ" ಅಂದ್ರು.

ಆ ವರ್ಷ ಕಳೆದು ಮುಂದಿನ ಸೆಪ್ಟೆಂಬರ್‌ಗೆ ಇಲ್ಲೂ ಕ್ರೌನ್ ಆಕ್ಟ್ ಬಂತು. ನಾನು ದೊಡ್ಡ ಉತ್ಸಾಹದಲ್ಲಿ ಸೋಮವಾರ ಕಾಯ್ತಿದ್ದೆ, ಅಕ್ಕ ಜಡೆ ಹಾಕ್ಕೊಂಡು ಬರ್ತಾರೆ ಅಂತ. ಅದೇ ನೇರ ಕೂದಲಲ್ಲಿ ಬಂದ್ರು. ಇಡೀ ತಿಂಗಳು ಹಾಗೇ. ಕೇಳೇಬಿಟ್ಟೆ. "ಮೂವತ್ತು ವರ್ಷ ಹೀಗೆ ಇದ್ದೆ, ಈಗ ಕನ್ನಡೀಲಿ ಇದೇ ನಾನು ಅನ್ಸುತ್ತೆ. ಮೊದಲು ನೇರ ಮಾಡ್ಕೋ ಅಂದ್ರು, ಈಗ ನೀನು ಬಂದು ಅಸಲಿ ಆಗು ಅಂತಿದೀಯಲ್ಲ, ನನ್ನ ತಲೆ ಮೇಲೆ ಎಷ್ಟು ಜನರ ಅಭಿಪ್ರಾಯ ಕೂರ್ಸಲಿ?" ಅಂದು ನಕ್ಕರು. ಪಾರ್ಕಿಂಗ್ ನಗು ಅದು, ಆಫೀಸೊಳಗೆ ನಾನು ಕೇಳಿದ್ದು ಅದೇ ಮೊದಲು.

ಹೋದ ವರ್ಷ ರಿಟೈರ್ ಆದ್ರು. ಕೇಕ್ ಕತ್ತರಿಸುವಾಗ ಮೂರು ಜನ ಭಾಷಣ ಮಾಡಿದ್ರು, ಮೂರೂ ಜನ ಸ್ಟ್ರಾಂಗ್ ಅಂದ್ರು. ಈ ಮಾತಿಗೆ ತಯಾರಿ ಮಾಡುವಾಗ ಫೋನ್ ಮಾಡಿ, ನಿಮ್ಮ ಬಗ್ಗೆ ನಮ್ಮ ಜನರ ಮುಂದೆ ಹೇಳಬಹುದಾ ಅಂತ ಕೇಳ್ದೆ. ಹೇಳು, ಹೆಸರು ಬೇಡ ಅಂದ್ರು. ಏನಂತ ಹೇಳಲಿ ಅಂದೆ. ಸ್ವಲ್ಪ ಯೋಚನೆ ಮಾಡಿ ಹೇಳಿದ್ದು, "ಆ ಬಿಲ್ಡಿಂಗಲ್ಲಿ ರಿಜೆಕ್ಟ್ ಆದ ಕ್ಲೇಮನ್ನ ವಾಪಸ್ ತರೋದ್ರಲ್ಲಿ ನನ್ನನ್ನ ಮೀರಿಸೋರು ಯಾರೂ ಇರ್ಲಿಲ್ಲ ಅಂತ ಹೇಳು. ಕೆಲಸ ಚೆನ್ನಾಗಿ ಬರ್ತಿತ್ತು ಅಂತ ಹೇಳು."

ಬರ್ತಿತ್ತು. ನಾನು ನೋಡಿದೀನಿ. ಬನ್ನಿ, ಊಟಕ್ಕೆ ಏಳೋಣ.